ಮಳೆಗಾಲಗಳನ್ನು ನಿಂತೇ ಕಳೆದ ಅಂಬಾಸಿಡರ್: ಮಲೆನಾಡಿನ ಮೆಕ್ಯಾನಿಕ್‌ಗೆ ಕೆಲಸದ ಕ್ರಮ

ಎಂಟು ಹತ್ತು ಮಳೆಗಾಲ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯನ್ನು ಗ್ಯಾರೇಜಿಗೆ ಎಳೆದು ತಂದವರ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ ಮಾರಾಯಾ." ಒಪ್ಪಬೇಡಿ. ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆದರೆ ಎಂಜಿನ್ ಎದ್ದರೂ ಏಳಬಹುದು. ಆದರೆ ತುಕ್ಕು ಹಿಡಿದ ಸಿಲಿಂಡರಿನಲ್ಲಿ ರಿಂಗ್ ಮುರಿಯುವುದು, ಟ್ಯಾಂಕಿನ ಕೆಸರು ಕಾರ್ಬ್ಯುರೇಟರಿಗೆ ಹೋಗುವುದು, ಎದ್ದ ಗಾಡಿ ಬ್ರೇಕಿಲ್ಲದೆ ಅಂಗಳದ ಇಳಿಜಾರಿನಲ್ಲಿ ಜಾರುವುದು, ಮೂರೂ ಆ ಒಂದು ಸಲದಲ್ಲೇ ಆಗಿಬಿಡುತ್ತವೆ.

ಮಲೆನಾಡಿನಲ್ಲಿ ಗಾಡಿ ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದು ಹೆಚ್ಚು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಷ್ಟು ಬೀಳದಿದ್ದರೂ ಆರಿದ್ರಾದಿಂದ ಆಶ್ಲೇಷದವರೆಗೆ ಗಾಳಿಯಲ್ಲೇ ನೀರಿರುತ್ತದೆ. ಮಾಡಿನ ಕೆಳಗೆ ಒಂದು ಹನಿ ಬೀಳದೆ ನಿಂತ ಗಾಡಿಯ ಬ್ರೇಕ್ ಸಿಲಿಂಡರ್, ಕ್ಲಚ್ ಪ್ಲೇಟ್, ಪೆಟ್ರೋಲ್ ಟ್ಯಾಂಕಿನ ಒಳಮೈ ಎಲ್ಲ ಈ ತೇವಕ್ಕೇ ಹೋಗುತ್ತವೆ. ಹಾಗಾಗಿ ಇಲ್ಲಿನ ಕೆಲಸದ ಕ್ರಮ ಬಯಲುಸೀಮೆಯದ್ದಲ್ಲ: ಮೊದಲು ಬಾಡಿಯ ಜೀವ ನೋಡಿ, ಆಮೇಲೆ ಬ್ರೇಕ್, ಆಮೇಲೆ ಪೆಟ್ರೋಲ್ ಲೈನ್, ವೈರಿಂಗ್. ಎಂಜಿನ್ ಕೊನೆಗೆ. ಮುಖ್ಯವಾಗಿ 1489 ಸಿಸಿ ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡು ಬರೆದಿದ್ದರೂ ಪ್ರೀಮಿಯರ್ ಪದ್ಮಿನಿಗೂ ಹಳೆಯ ಮಹೀಂದ್ರ ಜೀಪಿಗೂ ಬಹುಪಾಲು ಇದೇ ಕ್ರಮ. ಜೀಪಿನದ್ದೇ ಆದ ತೊಂದರೆಗಳು ಕೊನೆಯ ಕಡೆ ಇವೆ.

ಗಾಡಿ ಒಪ್ಪಿಕೊಳ್ಳುವ ಮುಂಚೆ

ಬಾನೆಟ್ ಎತ್ತುವ ಮುಂಚೆ ಎರಡು ಸಲ ಜೋರಾಗಿ ತಟ್ಟಿ, ಒಂದು ನಿಮಿಷ ಬಿಡಿ. ಇಲಿ ಗೂಡು ಕಟ್ಟಿದ ಕಡೆ ಹಾವು ಬರುತ್ತದೆ. ಏರ್ ಫಿಲ್ಟರಿನ ಡಬ್ಬಿ, ಹೀಟರ್ ಬಾಕ್ಸ್, ಹಿಂದಿನ ಸೀಟಿನ ಅಡಿ, ಎಲ್ಲಿಗೂ ಬರಿಗೈ ಹಾಕಬೇಡಿ. ಸೀಟಿನ ಸ್ಪ್ರಿಂಗ್ ಮಧ್ಯೆ ಅಡಿಕೆ ಸಿಪ್ಪೆ, ದರಗು ತುಂಬಿದ್ದರೆ ಅಲ್ಲಿಂದ ಹಾದುಹೋಗುವ ವೈರನ್ನು ಇಲಿ ಕಡಿದಿದೆ ಎಂದೇ ಲೆಕ್ಕ.

ಆರ್.ಸಿ. ತರಿಸಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಗಾಡಿಯ ಮೇಲೆ ಓದಿ ಹೋಲಿಸಿ. ಅಂಬಾಸಿಡರಿಗೆ ಇಸುಜು ಎಂಜಿನ್, ಡೀಸೆಲ್ ಎಂಜಿನ್ ಕೂರಿಸಿ ಕಾಗದದಲ್ಲಿ ಬರೆಸದೆ ಬಿಟ್ಟ ಗಾಡಿಗಳು ಸಾಕಷ್ಟಿವೆ. ಇದನ್ನು ಕೆಲಸ ಮುಗಿದ ಮೇಲೆ ಕಂಡುಹಿಡಿದರೆ ಜಗಳ ನಿಮ್ಮ ಅಂಗಡಿಯಲ್ಲೇ ಆಗುತ್ತದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸುವ ಅವಕಾಶ 2021ರ ನಿಯಮದಲ್ಲಿದೆ. ಅದಕ್ಕೆ ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಾಗೆ ನೋಂದಾಯಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ಮಾಲೀಕರಿಗೆ ಮೊದಲೇ ಹೇಳಿ. ದಿನಾ ಪೇಟೆಗೆ ಹೋಗಲು ಗಾಡಿ ಬೇಕಾದವರಿಗೆ ಮಾಮೂಲಿ ಆರ್.ಸಿ. ನವೀಕರಣವೇ ಸರಿ.

ಎಸ್ಟಿಮೇಟ್ ಒಂದೇ ಮೊತ್ತದಲ್ಲಿ ಕೊಡಬೇಡಿ. ಗಾಡಿ ಬ್ರೇಕ್ ಹಿಡಿದು ನಿಲ್ಲುವಂತೆ ಮಾಡಲು ಇಷ್ಟು, ಓಡುವಂತೆ ಮಾಡಲು ಇಷ್ಟು, ಚೆಂದ ಮಾಡಲು ಇಷ್ಟು ಎಂದು ಮೂರು ಚೀಟಿ ಬರೆಯಿರಿ. ಮೂರನೆಯದು ಮೊದಲೆರಡನ್ನೂ ಸೇರಿಸಿದ್ದಕ್ಕಿಂತ ದೊಡ್ಡದಿರುತ್ತದೆ. ಅಲ್ಲಿ ಹಲವರು ಮನಸ್ಸು ಬದಲಿಸುತ್ತಾರೆ. ಬದಲಿಸುವುದಿದ್ದರೆ ಬಾಡಿ ಬಿಚ್ಚುವ ಮುಂಚೆ ಬದಲಿಸಲಿ.

ತುಕ್ಕು: ಕಣ್ಣಿಗಲ್ಲ, ಕೈಗೆ ಸಿಗಬೇಕು

ಅಂಬಾಸಿಡರಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ತಗಡು ತೂತಾದರೆ ನೋಡಲು ಕೆಟ್ಟದು, ಅಷ್ಟೆ. ಸಿಲ್ (ಬಾಗಿಲಿನ ಕೆಳಗಿನ ಉದ್ದ ಪಟ್ಟಿ), ಮುಂದಿನ ಟಾರ್ಶನ್ ಬಾರ್ (ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ) ಹಿಡಿದಿರುವ ಜಾಗ, ಹಿಂದಿನ ಪಟ್ಟಾ ಸ್ಪ್ರಿಂಗಿನ ಹ್ಯಾಂಗರ್ ತೂತಾದರೆ ಗಾಡಿಗೇ ಅಪಾಯ. ಒಂದು ಹಳೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಒಂದು ಆಯಸ್ಕಾಂತ ಸಾಕು. ಸುತ್ತಿಗೆಯಿಂದ ಮೆತ್ತಗೆ ತಟ್ಟುತ್ತಾ ಹೋದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಧಪ್ ಎನ್ನುತ್ತದೆ. ಧಪ್ ಎಂದ ಕಡೆ ಸ್ಕ್ರೂಡ್ರೈವರ್ ಒತ್ತಿ. ಬಣ್ಣ ಚೆನ್ನಾಗಿದ್ದು ಆಯಸ್ಕಾಂತ ಹಿಡಿಯದಿದ್ದರೆ ಕೆಳಗಿರುವುದು ಪುಟ್ಟಿ.

ತುಕ್ಕಿನ ಮೂಲ ಹೆಚ್ಚಾಗಿ ನಮ್ಮ ಕೆಂಪು ಮಣ್ಣು. ಮಡ್‌ಗಾರ್ಡ್ ಒಳಗೆ, ಹೆಡ್‌ಲೈಟ್ ಬಟ್ಟಲಿನ ಹಿಂದೆ, ಸಿಲ್‌ನ ತುದಿಗಳಲ್ಲಿ ಮೆತ್ತಿಕೊಂಡ ಮಣ್ಣು ದೀಪಾವಳಿ ಕಳೆದರೂ ಒಣಗುವುದಿಲ್ಲ, ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ತಗಡಿಗೆ ಅಂಟಿಕೊಂಡಿರುತ್ತದೆ. ಬಾಗಿಲಿನ ಅಡಿಯ ನೀರು ಹರಿಯುವ ಕಂಡಿಗಳು ಮುಚ್ಚಿದ್ದರೆ ತಂತಿ ಹಾಕಿ ಬಿಡಿಸಿ. ಡಿಕ್ಕಿಯ ನೆಲ ಕೊಳೆಯಲು ಕಾರಣ ಡಿಕ್ಕಿಯಲ್ಲಿರುವುದಿಲ್ಲ, ಗಟ್ಟಿಯಾಗಿ ಬಿರಿದ ಹಿಂದಿನ ಗಾಜಿನ ಬೀಡಿಂಗಿನಲ್ಲಿರುತ್ತದೆ. ಬೀಡಿಂಗ್ ಬದಲಿಸದೆ ನೆಲಕ್ಕೆ ತೇಪೆ ಹಾಕಿದರೆ ಎರಡೇ ಮಳೆಗಾಲಕ್ಕೆ ಮತ್ತೆ ಅದೇ ಕೆಲಸ.

ತೇಪೆಗೆ ನೆಲ, ಬಾಗಿಲುಗಳಿಗೆ 20 ಗೇಜ್, ಸಿಲ್ ಮತ್ತು ಭಾರ ಹೊರುವ ಜಾಗಕ್ಕೆ 18 ಗೇಜ್ ತಗಡು. ಕೊಳೆತದ್ದರ ಮೇಲೆ ಹೊಸ ತಗಡು ಹೊದಿಸಿ ಬೆಸೆಯುವುದು ಟಿಂಕರ್ ಕೆಲಸದ ಹಳೆಯ ಚಾಳಿ. ಎರಡು ತಗಡಿನ ನಡುವೆ ನೀರು ಕೂತು ಹೊಸದನ್ನೂ ತಿನ್ನುತ್ತದೆ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಆಮೇಲೆ ಬೆಸೆಯಿರಿ. ಸಿಲ್ ಕತ್ತರಿಸುವ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಒಂದು ಆಂಗಲ್ ಬೆಸೆದುಕೊಳ್ಳದಿದ್ದರೆ ಬಾಡಿ ನಡುವಿನಲ್ಲಿ ಬಾಗುತ್ತದೆ, ಬಾಗಿಲು ಮತ್ತೆ ಕೂರುವುದಿಲ್ಲ. ವೆಲ್ಡಿಂಗಿಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಡಿ, ಬ್ಯಾಟರಿ ಬಿಚ್ಚಿ.

ಮೇಲ್ಮೈ ತುಕ್ಕಿಗೆ ವೈರ್ ಬ್ರಷ್, ಆಮೇಲೆ ರಸ್ಟ್ ಕನ್ವರ್ಟರ್. ಟ್ಯಾನಿಕ್ ಆಮ್ಲ ಇರುವ ಕನ್ವರ್ಟರ್ ಹಚ್ಚಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ. ಅಡಿಕೆ ಚೊಗರು ತಾಗಿ ಕತ್ತಿ ಕಪ್ಪಾಗುವುದೂ ಇದೇ ರಸಾಯನದಿಂದ. ಹಾಗೆಂದು ಚೊಗರು ಬಳಿಯಲು ಹೋಗಬೇಡಿ, ಅದು ಅಂಟುತ್ತದೆ, ಬಣ್ಣ ಹಿಡಿಯಲು ಬಿಡುವುದಿಲ್ಲ. ಅಡಿಮೈಗೆ ಸುಟ್ಟ ಎಂಜಿನ್ ಆಯಿಲ್ ಹೊಡೆಯುವ ಪದ್ಧತಿ ಈ ಕಡೆ ಬಹಳ. ತಗಡಿಗೆ ಒಂದು ಮಳೆಗಾಲದ ಮಟ್ಟಿಗೆ ಉಪಯೋಗವೇನೋ ಇದೆ, ಆದರೆ ರಬ್ಬರ್ ಬುಷ್, ಬ್ರೇಕ್ ಹೋಸ್ ಉಬ್ಬುತ್ತವೆ, ತೊಳೆದುಹೋದದ್ದು ಅಂಗಳದಿಂದ ಬಾವಿಗೆ ಇಳಿಯುತ್ತದೆ. ಡಾಂಬರಿನಂಥ ದಪ್ಪ ಅಂಡರ್‌ಕೋಟ್ ಇನ್ನೂ ಕೆಟ್ಟದು: ತುಕ್ಕಿನ ಮೇಲೆ ಬಳಿದರೆ ಹೊರಗಿನಿಂದ ಹೊಸದಾಗಿ ಕಾಣುತ್ತಾ ಒಳಗೇ ಕೊಳೆಯುತ್ತದೆ. ಮೇಣದಂತೆ ಕೂರುವ ಕ್ಯಾವಿಟಿ ವ್ಯಾಕ್ಸನ್ನು ಸಿಲ್ ಒಳಗೆ, ಬಾಗಿಲ ಒಳಗೆ ಉದ್ದ ನಳಿಕೆಯಿಂದ ಹೊಡೆಯಿರಿ. ಇದನ್ನು ಬೇಸಿಗೆಯಲ್ಲಿ, ತಗಡು ಪೂರ್ತಿ ಒಣಗಿದ್ದಾಗ ಮಾತ್ರ.

ಬಣ್ಣದ ಕೆಲಸ ಡಿಸೆಂಬರಿನಿಂದ ಮಾರ್ಚ್ ನಡುವೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಥಿನ್ನರ್ ಆರುವ ತಣ್ಪಿಗೆ ಗಾಳಿಯ ತೇವ ಬಣ್ಣದ ಮೇಲೆ ಕೂತು ಹಾಲು ಚೆಲ್ಲಿದ ಹಾಗೆ ಬಿಳಿಚುತ್ತದೆ.

ಸ್ಪ್ಯಾನರ್ ಬಗ್ಗೆ ಒಂದು ಮಾತು

ಬಿ-ಸೀರೀಸ್ ಎಂಬ ಈ 1489 ಸಿಸಿ ಎಂಜಿನಿನ ಅಂಬಾಸಿಡರ್, ಜೀಪು ಎರಡರ ಬೋಲ್ಟೂ ಇಂಚಿನವು. ಪದ್ಮಿನಿ ಫಿಯಟ್ ಮೂಲದ್ದಾದ್ದರಿಂದ ಮಿ.ಮೀ. ಅಂಬಾಸಿಡರಿನ 1/2 ಇಂಚಿನ ತಲೆ ಎಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಹೋಗುತ್ತದೆ, ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆಸಿ ಜಾರುತ್ತದೆ. 7/16ಕ್ಕೆ 11 ಕೂರುವುದಿಲ್ಲ, 12 ಜಾರುತ್ತದೆ. 3/4ಕ್ಕೆ ಮಾತ್ರ 19 ಸಲೀಸು. 7/16, 1/2, 9/16, 5/8, 3/4 ಈ ಐದು ರಿಂಗ್ ಸ್ಪ್ಯಾನರ್ ಇಲ್ಲದೆ ಈ ಕೆಲಸ ಹಿಡಿಯಬೇಡಿ. ಹಿಡಿದ ಬೋಲ್ಟಿಗೆ ಪೆನೆಟ್ರೇಟಿಂಗ್ ಆಯಿಲ್ ಹಚ್ಚಿ ಒಂದು ರಾತ್ರಿ ಬಿಡಿ. ಬಿಚ್ಚುವ ಮುಂಚೆ ಕಾಲು ಸುತ್ತು ಬಿಗಿ ಮಾಡಿದರೆ ತುಕ್ಕಿನ ಹಿಡಿತ ಒಡೆಯುತ್ತದೆ.

ಬ್ರೇಕ್

ಹಳೆಯ ಅಂಬಾಸಿಡರುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್, ಎಲ್ಲಕ್ಕೂ ಒಂದೇ ಸರ್ಕಿಟಿನ ಮಾಸ್ಟರ್ ಸಿಲಿಂಡರ್. ಒಂದು ಪೈಪ್ ಒಡೆದರೆ ನಾಲ್ಕೂ ಹೋಯಿತು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯಬೇಕಾದ ಗಾಡಿಯಲ್ಲಿ ಈ ಭಾಗವನ್ನು ನೋಡಿ, ಪರವಾಗಿಲ್ಲ ಎಂದು ಬಿಡುವಂತಿಲ್ಲ. ಐದು ವರ್ಷ ಮೀರಿ ನಿಂತಿದ್ದರೆ ರಬ್ಬರ್ ಇರುವ ಪ್ರತಿಯೊಂದೂ ಬದಲಿ.

ನಿಂತ ಗಾಡಿಯಲ್ಲಿ ಶೂ ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಅಡ್ಜಸ್ಟರನ್ನು ಪೂರ್ತಿ ಸಡಿಲಿಸಿ, ಡ್ರಮ್ ಹಿಡಿದಿರುವ ಸ್ಕ್ರೂವನ್ನು ಇಂಪ್ಯಾಕ್ಟ್ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಡ್ರಮ್ಮಿನ ಅಂಚಿಗೆ ಸುತ್ತಲೂ ಮರದ ಕೊಡತಿಯಿಂದ ಬಡಿಯಿರಿ. ಕಬ್ಬಿಣದ ಸುತ್ತಿಗೆ ಬೇಡ, ಬೀಡುಕಬ್ಬಿಣದ ಡ್ರಮ್ ಸೀಳುತ್ತದೆ. ಬಿಚ್ಚಿದ ಕೂಡಲೇ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಆ ದೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಎಸೆಯಿರಿ.

ಮುಂದಿನ ಒಂದೊಂದು ಚಕ್ರಕ್ಕೆ ಎರಡು ವೀಲ್ ಸಿಲಿಂಡರ್, ಹಿಂದೆ ಒಂದೊಂದು. ಪಿಸ್ಟನ್ ಹೊರತೆಗೆದು ಸಿಲಿಂಡರಿನ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಕಲೆ ಮಾತ್ರ ಇದ್ದರೆ ನಯವಾದ ಎಮರಿ ಪೇಪರನ್ನು ಬ್ರೇಕ್ ಆಯಿಲಿನಲ್ಲಿ ಅದ್ದಿ ಉಜ್ಜಿದರೆ ಹೋಗುತ್ತದೆ. ಉಗುರಿಗೆ ತಗ್ಗು ಸಿಕ್ಕಿತೆಂದರೆ ಹೊಸ ಸಿಲಿಂಡರೇ ಗತಿ, ಅಥವಾ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಬೇಕು. ಆ ತಗ್ಗಿನ ಮೇಲೆ ಹೊಸ ರಬ್ಬರ್ ಕಪ್ ಹಾಕಿದರೆ ಶೆಡ್ಡಿನಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಕಪ್ಪಿನ ತುಟಿ ಹರಿದು ಲೈನರಿಗೆ ಆಯಿಲ್ ಇಳಿಯುತ್ತದೆ. ಕಿಟ್ ಹಾಕುವಾಗ ಭಾಗಗಳನ್ನು ಹೊಸ ಬ್ರೇಕ್ ಆಯಿಲ್ ಅಥವಾ ಸ್ಪಿರಿಟ್‌ನಲ್ಲಿ ಮಾತ್ರ ತೊಳೆಯಿರಿ. ಸೀಮೆಎಣ್ಣೆ, ಪೆಟ್ರೋಲ್, ಗ್ರೀಸ್ ಯಾವುದೂ ತಾಗಬಾರದು, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಹೊರಗಿನಿಂದ ಚೆನ್ನಾಗಿ ಕಂಡು ಮೋಸ ಮಾಡುವುದು ಬ್ರೇಕ್ ಹೋಸ್. ಒಳಗಿನ ರಬ್ಬರ್ ಉಬ್ಬಿ ದಾರಿ ಕಿರಿದಾದಾಗ ಪೆಡಲ್ ತುಳಿದ ಬಲಕ್ಕೆ ಆಯಿಲ್ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಚಕ್ರ ಹಿಡಿದೇ ಇರುತ್ತದೆ, ಡ್ರಮ್ ಸುಡುತ್ತದೆ. ಪರೀಕ್ಷೆ ಸುಲಭ: ಹಿಡಿದ ಚಕ್ರದ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ತಪ್ಪು ಹೋಸಿನದ್ದು ಅಥವಾ ಮಾಸ್ಟರಿನದ್ದು. ಬಿಡದಿದ್ದರೆ ಶೂ, ಸ್ಪ್ರಿಂಗ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ನಾಲ್ಕೂ ಚಕ್ರ ಒಟ್ಟಿಗೆ ಹಿಡಿಯುತ್ತಿದ್ದರೆ ಪೆಡಲಿನಲ್ಲಿ ಫ್ರೀ ಪ್ಲೇ (ಸಡಿಲ ಆಟ) ಇಲ್ಲ ಎಂದರ್ಥ. ಪುಶ್‌ರಾಡ್ ಮಾಸ್ಟರಿನ ಪಿಸ್ಟನ್ನಿಗೆ ತಾಗಿಯೇ ನಿಂತಿದ್ದರೆ ಆಯಿಲ್ ಹಿಂದಕ್ಕೆ ಹೋಗುವ ಸಣ್ಣ ಕಂಡಿ ತೆರೆಯುವುದೇ ಇಲ್ಲ.

ಬ್ರೇಕ್ ಪೈಪುಗಳು ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ಹಿಡಿಯುತ್ತವೆ, ಕ್ಲಿಪ್ ಬಿಚ್ಚದೆ ಕಾಣುವುದಿಲ್ಲ. 3/16 ಇಂಚಿನ ಹೊಸ ಪೈಪಿಗೆ ತುದಿಯನ್ನು ಡಬಲ್ ಫ್ಲೇರ್ (ಅಗಲಿಸಿ ಒಳಕ್ಕೆ ಇನ್ನೊಂದು ಮಡಿಕೆ) ಮಾಡಿಸಿ. ಒಡೆದ ಪೈಪನ್ನು ಬೆಸೆದು ಕೂಡಿಸುವುದು ಬೇಡ. ಫ್ರಿಜ್ ರಿಪೇರಿಯವರ ಮೆತ್ತನೆ ತಾಮ್ರದ ಪೈಪೂ ಬೇಡ, ನಡುಕಕ್ಕೆ ಗಡುಸಾಗಿ ಬಿರಿಯುತ್ತದೆ.

ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4 ದರ್ಜೆಯದ್ದು. ಡಾಟ್ 3 ಹೊಸತಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ, ತೇವ ಹೀರಿದ ಮೇಲೆ 140ರ ಹತ್ತಿರ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಘಾಟಿ ಇಳಿಯುವಾಗ ಬಿಸಿಯಾದ ಸಿಲಿಂಡರಿನಲ್ಲಿ ಹಳೆಯ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ನಮ್ಮ ಹವೆಗೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಪೂರ್ತಿ ಬದಲಿಸಿ. ಮುಚ್ಚಳ ತೆಗೆದಿಟ್ಟ ಹಳೆಯ ಡಬ್ಬಿಯ ಆಯಿಲ್ ಬಳಸಲೇಬೇಡಿ. ಬ್ಲೀಡಿಂಗ್, ಅಂದರೆ ಲೈನಿನ ಗಾಳಿ ತೆಗೆಯುವುದು, ಮಾಸ್ಟರಿಗೆ ದೂರದ ಚಕ್ರದಿಂದ ಹತ್ತಿರಕ್ಕೆ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಶೂ ಹೊಂದಿಸದೆ ಬ್ಲೀಡ್ ಮಾಡಿದರೆ ಪೆಡಲ್ ಎಷ್ಟು ತುಳಿದರೂ ಮೆತ್ತಗೇ ಇರುತ್ತದೆ. ಗಾಳಿ ಇದೆಯೆಂದು ಒಂದು ಲೀಟರ್ ಆಯಿಲ್ ಸುರಿದವರು ಅಡ್ಜಸ್ಟರ್ ಮರೆತಿರುತ್ತಾರೆ.

ಪೆಟ್ರೋಲಿನ ದಾರಿ

ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಗಾಳಿಯ ನೀರು ಹೀರುತ್ತದೆ. ಹೀರುವ ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಸೇರಿ ಬೇರೆ ಪದರವಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತವೆ. ಪಂಪು ಎಳೆಯುವುದು ತಳದಿಂದಲೇ. ತಿಂಗಳುಗಟ್ಟಲೆ ನಿಂತ ಗಾಡಿ ಸ್ಟಾರ್ಟ್ ಆಗದೆ ಕಾಡುವುದಕ್ಕೆ ಮಳೆನಾಡಿನಲ್ಲಿ ಇದೊಂದು ಮುಖ್ಯ ಕಾರಣ. ಜೊತೆಗೆ, ಹಳೆಯ ರಬ್ಬರ್ ಹೋಸ್, ಪಂಪಿನ ಡಯಾಫ್ರಮ್, ಕಾರ್ಕಿನ ಪ್ಯಾಕಿಂಗ್ ಎಥನಾಲಿಗಾಗಿ ಮಾಡಿದವಲ್ಲ.

ಟ್ಯಾಂಕ್ ಇಳಿಸಿ ಖಾಲಿ ಮಾಡಿ. ಒಳಗೆ ತುಕ್ಕಿದ್ದರೆ ಒಂದು ಹಿಡಿ ಸಣ್ಣ ನಟ್‌ಗಳನ್ನೋ ಹಳೆಯ ಚೈನ್ ತುಂಡನ್ನೋ ಡಿಟರ್ಜೆಂಟ್ ನೀರಿನ ಜೊತೆ ಹಾಕಿ ಅರ್ಧ ಗಂಟೆ ಕುಲುಕಿ. ತೊಳೆದು ಫಾಸ್ಫಾರಿಕ್ ಆಮ್ಲದ ರಸ್ಟ್ ರಿಮೂವರ್ ಹಾಕಿಟ್ಟು ಮತ್ತೆ ತೊಳೆದು ಕೂಡಲೇ ಒಣಗಿಸಿ. ತೂತಿದ್ದರೆ ಬೆಸುಗೆಗೆ ಅವಸರ ಬೇಡ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿನ ಆವಿ ಸಿಡಿಯುತ್ತದೆ. ಮತ್ತೆ ಮತ್ತೆ ಬಿಸಿನೀರು, ಡಿಟರ್ಜೆಂಟಿನಲ್ಲಿ ತೊಳೆದು, ತೂತಿನ ಜಾಗವಷ್ಟೇ ಮೇಲಿರುವಂತೆ ನೀರು ತುಂಬಿ, ದೊಡ್ಡ ಹಿಡಿಯ ಕಾಯಿಸಿದ ಸೋಲ್ಡರಿಂಗ್ ಐರನ್ನಿನಿಂದ ಸೀಸದ ಬೆಸುಗೆ ಹಾಕಿ. ಗ್ಯಾಸ್ ಜ್ವಾಲೆ ಬೇಡ.

ಹೋಸುಗಳಿಗೆ ಎಥನಾಲ್ ತಡೆಯುವಂಥದ್ದನ್ನೇ ಕೇಳಿ ತನ್ನಿ, ಹೋಸಿನ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುತ್ತದೆ. ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ನೇರ ಆಯಿಲ್ ಸಂಪಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟ ಹೆಚ್ಚಿದ್ದರೆ, ಆಯಿಲ್ ಬದಲಿಸದೆ ಎಂಜಿನ್ ತಿರುಗಿಸಬೇಡಿ.

ಕಾರ್ಬ್ಯುರೇಟರ್ ಕೆಲವಕ್ಕೆ ಎಸ್‌ಯು, ಕೆಲವಕ್ಕೆ ಸೋಲೆಕ್ಸ್ ಕಂಪನಿಯದ್ದು. ಎಸ್‌ಯು ಆದರೆ ಜೆಟ್ಟನ್ನು (ಪೆಟ್ರೋಲ್ ಬರುವ ನಳಿಕೆಯನ್ನು) ಮೇಲಿನ ಸೇತುವೆಯ ಸಮಕ್ಕೆ ಏರಿಸಿ, ಅಲ್ಲಿಂದ ನಟ್ಟನ್ನು ಎರಡು ಸುತ್ತು, ಅಂದರೆ 12 ಮುಖ, ಇಳಿಸಿ ಆರಂಭಿಸಿ. ಎಂಜಿನ್ ಬಿಸಿಯಾದ ಮೇಲೆ ಪಿಸ್ಟನ್ನನ್ನು ಪಿನ್ನಿನಿಂದ ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ಕಿವಿಗೊಡಿ. ವೇಗ ಏರಿ ಹಾಗೇ ನಿಂತರೆ ಮಿಶ್ರಣ ಗಾಢ. ಎಂಜಿನ್ ಬಳಲಿ ನಿಲ್ಲಲು ಹೋದರೆ ತೆಳು. ಕ್ಷಣ ಏರಿ ಇಳಿದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ. 20 ಶೇಕಡಾ ಎಥನಾಲಿಗೆ ಹಳೆಯ ಸೆಟ್ಟಿಂಗ್ ತೆಳುವಾಗುತ್ತದೆ, ಒಂದೆರಡು ಮುಖ ಹೆಚ್ಚು ಇಳಿಸಬೇಕಾಗಬಹುದು. ಮೇಲಿನ ಡ್ಯಾಂಪರಿಗೆ ತೆಳು ಆಯಿಲ್ ಹಾಕುವುದನ್ನು ಮರೆತರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತದೆ, ತಪ್ಪು ಜೆಟ್ಟಿನ ತಲೆಗೆ ಬರುತ್ತದೆ.

ಕರೆಂಟು

ಬ್ಯಾಟರಿ ಕೊಡುವ ಮುಂಚೆ ಅರ್ತ್ (ಬಾಡಿಗೆ ಕೂಡಿಸುವ ತುದಿ) ಯಾವುದೆಂದು ನೋಡಿ. ತೀರಾ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುತ್ತದೆ. ತಲೆಕೆಳಗಾಗಿ ಕೊಟ್ಟರೆ ಡೈನಮೋ, ಆಲ್ಟರ್ನೇಟರ್ ಹಾಕಿದ್ದರೆ ಅದರ ಡಯೋಡ್, ಎಲ್ಲಕ್ಕೂ ಕುತ್ತು. ಅಂಬಾಸಿಡರಿನ ಮೂಲ ವೈರಿಂಗ್ ಲೂಕಾಸ್ ಬಣ್ಣದ ಪದ್ಧತಿಯದ್ದು: ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಹಸಿರು ಇಗ್ನಿಷನ್ನಿನಿಂದ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟ್, ಕೆಂಪು ಪಾರ್ಕಿಂಗ್, ಕಪ್ಪು ಅರ್ತ್. ಮಧ್ಯೆ ಯಾರೋ ಒಂದೇ ಬಣ್ಣದ ವೈರಿನಲ್ಲಿ ಎಲ್ಲ ಎಳೆದಿದ್ದರೆ ಅದನ್ನು ಹುಡುಕುತ್ತಾ ಕೂರುವುದಕ್ಕಿಂತ ಹೊಸ ಹಾರ್ನೆಸ್ ಹಾಕುವುದೇ ಅಗ್ಗ.

ತೇವದ ಊರಲ್ಲಿ ವೈರು ಕೆಡುವುದಕ್ಕಿಂತ ಕೂಡುಜಾಗ ಕೆಡುವುದು ಹೆಚ್ಚು. ಹೆಡ್‌ಲೈಟ್ ಮಂದ, ಸೆಲ್ಫ್ ಸುಸ್ತು ಎಂದರೆ ಮೊದಲು ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ಎರಡೂ ತುದಿ ಹೊಳೆಯುವಂತೆ ಉಜ್ಜಿ, ಕೂರಿಸಿದ ಮೇಲೆ ವ್ಯಾಸಲಿನ್ ಹಚ್ಚಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಇನ್ನೂ ಸರಿಯಾಗಿಲ್ಲ (ಪಾಸಿಟಿವ್ ಅರ್ತ್ ಗಾಡಿಗೆ ಪಾಸಿಟಿವ್ ಕಡೆ ಹಿಡಿಯಿರಿ).

ಪಾಯಿಂಟ್ ಗ್ಯಾಪ್ 0.014ರಿಂದ 0.016 ಇಂಚು, ಪ್ಲಗ್ 0.025, ಫೈರಿಂಗ್ ಆರ್ಡರ್ 1-3-4-2. ನಿಂತ ಗಾಡಿಯ ಪಾಯಿಂಟಿನ ಮೇಲೆ ತೆಳುವಾದ ಪೊರೆ ಕಟ್ಟಿರುತ್ತದೆ. ಸ್ಪಾರ್ಕೇ ಇಲ್ಲವೆಂದು ಕಾಯಿಲ್ ಬದಲಿಸುವ ಮುಂಚೆ ಪಾಯಿಂಟ್ ನಡುವೆ ಪೆಟ್ರೋಲಿನಲ್ಲಿ ಅದ್ದಿದ ದಪ್ಪ ಕಾಗದ ಎಳೆಯಿರಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಕರೆಂಟು ಅಲ್ಲೇ ಸೋರುತ್ತಿದೆ, ಕ್ಯಾಪ್ ಎಸೆಯಿರಿ. ಗೆರೆ ಇಲ್ಲದೆ ಬರೀ ತೇವವಿದ್ದರೆ ಒಲೆಯ ಕಟ್ಟೆ ಮೇಲೆ ಹತ್ತು ನಿಮಿಷ ಇಟ್ಟರೆ ಸಾಕು. ಈಗ ಸಿಗುವ ಕಂಡೆನ್ಸರುಗಳ ಗುಣಮಟ್ಟ ನಂಬುವಂತಿಲ್ಲ. ಒಂದೇ ವಾರಕ್ಕೆ ಪಾಯಿಂಟ್ ಸುಟ್ಟರೆ ಕಂಡೆನ್ಸರ್ ಅಳೆಯಿರಿ, 0.2 ಮೈಕ್ರೋಫ್ಯಾರಡ್ ಆಸುಪಾಸು ಇರಬೇಕು. ಹಳೆಯದು ಕೆಲಸ ಮಾಡುತ್ತಿದ್ದರೆ ತೆಗೆಯಬೇಡಿ, ಹೊಸದನ್ನು ಡ್ಯಾಶ್ ಪೆಟ್ಟಿಗೆಯಲ್ಲಿಡಿ.

ಕೊನೆಗೆ ಎಂಜಿನ್

ಪ್ಲಗ್ ನಾಲ್ಕೂ ತೆಗೆದು ಒಂದೊಂದು ಸಿಲಿಂಡರಿಗೆ ಎರಡು ಚಮಚ ಆಟೋಮ್ಯಾಟಿಕ್ ಗೇರ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿರಿ. ಆಮೇಲೆ ಮುಂದಿನ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ. ತಿರುಗದಿದ್ದರೆ ನಾಲ್ಕನೇ ಗೇರಿನಲ್ಲಿ ಗಾಡಿಯನ್ನು ಹಿಂದೆ ಮುಂದೆ ತೂಗಿ. ಹ್ಯಾಂಡಲಿಗೆ ಪೈಪ್ ಸಿಕ್ಕಿಸಿ ಬಲ ಹಾಕಿದರೆ ಕಚ್ಚಿದ ರಿಂಗ್ ಮುರಿಯುತ್ತದೆ. ಮತ್ತೆರಡು ದಿನ ಬಿಟ್ಟರೂ ಅಲ್ಲಾಡದಿದ್ದರೆ ಹೆಡ್ ತೆಗೆಯಬೇಕು. ಒಂದು ವಾಲ್ (ವಾಲ್ವ್) ತೆರೆದೇ ನಿಂತಿದ್ದ ಸಿಲಿಂಡರಿಗೇ ಹೆಚ್ಚಾಗಿ ನೀರಾವಿ ಇಳಿದು ತುಕ್ಕು ಹಿಡಿದಿರುತ್ತದೆ.

ಸಲೀಸಾಗಿ ತಿರುಗಿದರೆ ಹಳೆಯ ಆಯಿಲ್ ತೆಗೆದು, ಹೊಸ ಫಿಲ್ಟರಿನ ಜೊತೆ 20ಡಬ್ಲ್ಯು-50 ಮಿನರಲ್ ಆಯಿಲ್ ಡಿಪ್‌ಸ್ಟಿಕ್ ಗುರುತಿಗೆ ಹಾಕಿ, ಸುಮಾರು ನಾಲ್ಕು ಲೀಟರ್ ಹಿಡಿಯುತ್ತದೆ. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಬಂದದ್ದನ್ನು ಕಂಡ ಮೇಲಷ್ಟೇ ಪ್ಲಗ್ ಹಾಕಿ. ಬಿಸಿಯಾದ ಎಂಜಿನ್ ಓಟದಲ್ಲಿ 50 ಪಿಎಸ್‌ಐ, ಐಡಲಿನಲ್ಲಿ 15 ಕೊಟ್ಟರೆ ಬೇರಿಂಗ್ ಮುಟ್ಟುವ ಅಗತ್ಯವಿಲ್ಲ.

ಟ್ಯಾಪೆಟ್ ಸಂದು 0.015 ಇಂಚು. ಹೊಂದಿಸಲು ಒಂಬತ್ತರ ಲೆಕ್ಕ: ಎಂಟನೇ ವಾಲ್ ಪೂರ್ತಿ ಒತ್ತಿದ್ದಾಗ ಒಂದನೆಯದು, ಆರನೆಯದು ಒತ್ತಿದ್ದಾಗ ಮೂರನೆಯದು. ಕೂಡಿದರೆ ಸದಾ ಒಂಬತ್ತು. ಈ ಎಂಜಿನ್ನುಗಳು ಸೀಸದ ಪೆಟ್ರೋಲಿನ ಕಾಲದವು. 2000ದಲ್ಲಿ ಅದು ನಿಂತ ಮೇಲೆ ಬೀಡುಕಬ್ಬಿಣದ ಹೆಡ್ಡಿನಲ್ಲೇ ಕೊರೆದ ಎಕ್ಸಾಸ್ಟ್ ಸೀಟುಗಳು ನಿಧಾನಕ್ಕೆ ತಗ್ಗಾಗುತ್ತವೆ, ಟ್ಯಾಪೆಟ್ ಸಂದು ತಾನಾಗಿ ಕಿರಿದಾಗುತ್ತದೆ. 1,500 ಕಿ.ಮೀ.ಗೊಮ್ಮೆ ಅಳೆದಾಗಲೂ ಎಕ್ಸಾಸ್ಟ್ ಕಡೆ ಬಿಗಿಯುತ್ತಿದ್ದರೆ ಮುಂದಿನ ಸಲ ಹೆಡ್ ತೆಗೆದಾಗ ಗಡುಸು ಸೀಟ್ ಹಾಕಿಸಿ. ಹೆಡ್ ನಟ್ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, 40 ಪೌಂಡು-ಅಡಿಯವರೆಗೆ.

ಆಯಿಲ್ ಮುಚ್ಚಳದ ಅಡಿಯಲ್ಲಿ ಬಿಳಿ ಬೆಣ್ಣೆಯಂಥದ್ದು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಬಿಚ್ಚುವವರಿದ್ದಾರೆ. ಮಳೆಗಾಲದಲ್ಲಿ ಡೈರಿಗೋ ಸೊಸೈಟಿಗೋ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಬರೀ ತಣಿದ ನೀರಾವಿ. ಡಿಪ್‌ಸ್ಟಿಕ್ಕಿನ ಆಯಿಲ್ ಸ್ವಚ್ಛವಿದ್ದು ರೇಡಿಯೇಟರ್ ನೀರು ಇಳಿಯದಿದ್ದರೆ ಗಾಡಿಯನ್ನು ಶಿವಮೊಗ್ಗಕ್ಕೊಮ್ಮೆ ಹೋಗಿ ಬರಲು ಹೇಳಿ, ಮುಚ್ಚಳ ಒರೆಸಿ ಮತ್ತೆ ನೋಡಿ.

ಎಂಜಿನ್ ಏಳುತ್ತದೆ, ಗೇರ್ ಬೀಳುವುದಿಲ್ಲ ಎಂದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿದೆ. ಪೆಡಲ್ ಒತ್ತಿ ಸೀಟಿಗೆ ಕೋಲು ಆನಿಸಿ ಒಂದು ದಿನ ಬಿಡಿ. ಆಗಲೂ ಬಿಡದಿದ್ದರೆ ಎಂಜಿನ್ ಬಿಸಿ ಮಾಡಿ, ನಿಲ್ಲಿಸಿ, ಬಯಲಿನಲ್ಲಿ ಎರಡನೇ ಗೇರಿಗೆ ಹಾಕಿ ಪೆಡಲ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಿ ಬಿಟ್ಟು ಜರ್ಕ್ ಕೊಡಿ. ಬ್ರೇಕ್ ಕೆಲಸ ಮುಗಿಯದೆ ಇದನ್ನು ಮಾಡುವಂತಿಲ್ಲ.

ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್ ಬೇಕಾದರೆ ಶಿವಮೊಗ್ಗ ಪೇಟೆಯಲ್ಲೇ ಆಗುತ್ತದೆ. ಬೇರಿಂಗ್ ಸೆಟ್ ಕೈಗೆ ಬರುವ ಮುಂಚೆ ಗ್ರೈಂಡಿಂಗಿಗೆ ಕೊಡಬೇಡಿ: 20 ಅಂಡರ್‌ಸೈಜ್‌ಗೆ (ಇಂಚಿನ ಸಾವಿರದಲ್ಲಿ 20 ಪಾಲು ಸಣ್ಣದಕ್ಕೆ) ತಿರುವಿಸಿ, ಅಂಗಡಿಯಲ್ಲಿ 30 ಮಾತ್ರ ಸಿಕ್ಕರೆ ಕ್ರ್ಯಾಂಕನ್ನು ಮತ್ತೆ ಸವೆಸಬೇಕು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೆಯ ಅಸಲಿ ಭಾಗಕ್ಕೆ ಕೋಲ್ಕತ್ತದ ಮಲ್ಲಿಕ್ ಬಜಾರ್. ಕಳಿಸುವ ಮುಂಚೆ ಹಳೆಯ ಭಾಗದ ಫೋಟೋ, ಪಕ್ಕದಲ್ಲಿ ಸ್ಕೇಲ್.

ಜೀಪಿಗೆ ಬೇರೆ ಚಿಂತೆ

ಹಳ್ಳ ದಾಟುವ ಜೀಪಿನ ಆಕ್ಸಲ್‌ಗಳನ್ನು ನಂಬಬೇಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಅಂಚಿನಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರ್ (ಆಕ್ಸಲ್ಲಿಗೆ ಗಾಳಿ ಆಡುವ ಕಂಡಿ) ಮಣ್ಣಿನಿಂದ ಮುಚ್ಚಿದ್ದರೆ ಇನ್ನೂ ಹೆಚ್ಚು. ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ: ಮೊದಲು ನೀರು ತೊಟ್ಟಿಕ್ಕಿದರೆ ಅಥವಾ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿ. ಬ್ರೀದರಿಗೆ ಒಂದು ಉದ್ದ ಹೋಸ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ಕಟ್ಟಿದರೆ ಈ ತೊಂದರೆ ಬಹುತೇಕ ಮುಗಿಯುತ್ತದೆ. ಕೊಡಚಾದ್ರಿ ದಾರಿಯಂಥ ಕಡೆ ಓಡುವ ಗಾಡಿಗೆ ಮುಂದಿನ ನಕಲ್ (ಚಕ್ರ ತಿರುಗಿಸುವ ಗೆಣ್ಣು) ಸೀಲ್‌ಗಳನ್ನು ಪ್ರತಿ ಮಳೆಗಾಲಕ್ಕೂ ಮುಂಚೆ ನೋಡಿ.

ಗ್ರೀಸ್ ಹೊಡೆಯುವ ಮಾತು ಎರಡಕ್ಕೂ ಒಂದೇ. ಅಂಬಾಸಿಡರಿನ ಮುಂದಿನ ಚಕ್ರ ಜಾಕಿನ ಮೇಲೆ ನೇತಾಡುತ್ತಿರುವಾಗ ಹೊಡೆಯಿರಿ. ಭಾರ ಬಿದ್ದಿದ್ದರೆ ಸವೆಯುವ ಕಡೆಗೇ ಗ್ರೀಸ್ ಹೋಗುವುದಿಲ್ಲ. ಹಳೆಯದೂ ನೀರೂ ಹೊರಬಂದು ಸ್ವಚ್ಛ ಗ್ರೀಸ್ ಕಾಣುವವರೆಗೆ ಗನ್ ಒತ್ತಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ.

ಮುಂದಿನ ಮಳೆಗಾಲಕ್ಕೆ ನಿಲ್ಲಿಸುವುದಿದ್ದರೆ

ಹದಿನೈದು ದಿನಕ್ಕೊಮ್ಮೆ 15 ಕಿ.ಮೀ. ಓಡಿಸುವವರಿದ್ದರೆ ಟ್ಯಾಂಕ್ ತುಂಬಿಸಿಡಿ. ಮೂರು ತಿಂಗಳು ಮುಟ್ಟದವರಾದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡೂ ಖಾಲಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಮಾತ್ರ ಬೇಡ, ಸೈಲೆನ್ಸರ್ ತುಂಬ ನೀರು ಬಿಟ್ಟಂತಾಗುತ್ತದೆ. ಬ್ಯಾಟರಿ ಬಿಚ್ಚಿ ಮನೆಯೊಳಗಿಡಿ. ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಕಲ್ಲು ಕೊಡಿ. ಕ್ಲಚ್ ಪೆಡಲಿಗೆ ಕೋಲು ಆನಿಸಿ. ಏರ್ ಫಿಲ್ಟರಿನ ಬಾಯಿಗೂ ಸೈಲೆನ್ಸರ್ ತುದಿಗೂ ಬಟ್ಟೆ ತುರುಕಿ. ಟಾರ್ಪಾಲನ್ನು ಬಾಡಿಗೆ ತಾಗುವಂತೆ ಹೊದಿಸಬೇಡಿ, ಕಿಟಕಿ ಎರಡು ಬೆರಳಷ್ಟು ಇಳಿಸಿಡಿ. ಮಾಡಿದ್ದನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಸ್ಟಿಯರಿಂಗಿಗೆ ಕಟ್ಟಿ: ಸೈಲೆನ್ಸರಿನಲ್ಲಿ ಬಟ್ಟೆ ಇದೆ, ಫಿಲ್ಟರಿನಲ್ಲಿ ಬಟ್ಟೆ ಇದೆ, ಟ್ಯಾಂಕ್ ಖಾಲಿ, ಕ್ಲಚ್ಚಿಗೆ ಕೋಲು.